ಗುತ್ತಿ ಕೋಟೆಯ ಬಂಡೆ ಶಾಸನಗಳನ್ನು ಉಳಿಸಿ: ಪುರಾತತ್ವ ಸರ್ವೇಕ್ಷಣ ಇಲಾಖೆಗೊಂದು ಬಹಿರಂಗ ಪತ್ರ

ಇವರಿಗೆ,
ಅಧೀಕ್ಷಕ ಪುರಾತತ್ವವಿದರು,
ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಅಮರಾವತಿ ವಲಯ.

ಪ್ರತಿ: ನಿರ್ದೇಶಕರು, ಶಾಸನಶಾಸ್ತ್ರ ವಿಭಾಗ, ಮೈಸೂರು.

ಮಾನ್ಯರೇ,

ಅನಂತಪುರ ಜಿಲ್ಲೆಯ ಗುತ್ತಿ ಬೆಟ್ಟದ ನೆತ್ತಿಯಲ್ಲಿ, ನರಸಿಂಹ ದೇವಾಲಯದ ಬಳಿಯ ಬಂಡೆಗಳ ಮೇಲೆ ಎಂಟು ಶಾಸನಗಳಿವೆ. ಆ ಕೋಟೆಯ ಬಗ್ಗೆ ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹ ಅವುಗಳಲ್ಲೇ ಇದೆ. ಹಳೆಯವು ಕನ್ನಡದಲ್ಲಿದ್ದು, ಕಲ್ಯಾಣದ ಚಾಳುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಗೆ, ಅಂದರೆ 1076ರಿಂದ 1126ರ ನಡುವಿನ ಕಾಲಕ್ಕೆ ಸೇರುತ್ತವೆ. ನೂರು ವರ್ಷಗಳಿಗೂ ಹಿಂದೆ ಅವನ್ನು ನೋಡಿದ ತಜ್ಞರೇ ಬಹಳ ಸವೆದುಹೋಗಿವೆ ಎಂದು ಬರೆದಿಟ್ಟಿದ್ದಾರೆ. ಅಲ್ಲಿಂದೀಚೆಗಿನ ಮಳೆ, ಬಿಸಿಲು, ಜನರ ಕೈ ಎಲ್ಲವೂ ಸೇರಿ ಆ ಸವೆತವನ್ನು ಮುಂದುವರಿಸಿವೆ. ಉಳಿದಿರುವ ಅಕ್ಷರಗಳು ಅಳಿಯುವ ಮೊದಲೇ ಹೊಸದಾಗಿ ಪಡಿಯಚ್ಚು (ಬಂಡೆಯ ಬರಹವನ್ನು ಕಾಗದಕ್ಕೆ ಇಳಿಸಿದ ನಕಲು) ತೆಗೆಸಿ, ಓದಿಸಿ, ಪ್ರಕಟಿಸಬೇಕು, ಬಂಡೆಗಳಿಗೆ ರಕ್ಷಣೆ ಒದಗಿಸಬೇಕು ಎಂಬುದು ಈ ಪತ್ರದ ಮುಖ್ಯ ಕೋರಿಕೆ.

ನಾನು ಇದೇ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ರಾಯದುರ್ಗದ ಕಡೆ, ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುವವನು. ಡಿ. ಹಿರೇಹಾಳ್ ಸುತ್ತಿನ ಹಳ್ಳಿಗಳಲ್ಲಾಗಲಿ, ಪಕ್ಕದ ಶ್ರೀ ಸತ್ಯಸಾಯಿ ಜಿಲ್ಲೆಯ ಮಡಕಶಿರಾ ಸೀಮೆಯಲ್ಲಾಗಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಆಸ್ಪತ್ರೆ ಕಚೇರಿಗಳಲ್ಲಿ ಎರಡೂ ನಡೆಯುತ್ತವೆ. ನಮ್ಮ ಮಕ್ಕಳಿಗೆ ಕೋಟೆ ಹೊಸದಲ್ಲ. ರಾಯದುರ್ಗದ ಬೆಟ್ಟವೇ ಒಂದು ದುರ್ಗ. ಆದವಾನಿ, ಪೆನುಕೊಂಡ, ಮಡಕಶಿರಾ ಎಲ್ಲ ಕಡೆಯೂ ಊರ ಮೇಲೊಂದು ಪಾಳು ಗೋಡೆ ನಿಂತೇ ಇರುತ್ತದೆ. ಇಷ್ಟಿದ್ದೂ ಗುತ್ತಿಯನ್ನು ನಾನು ಪಾಠದಲ್ಲಿ ಬೇರೆಯಾಗಿಯೇ ಎತ್ತಿ ಹೇಳುವುದಕ್ಕೆ ಕಾರಣ, ತನ್ನ ಕಥೆಯ ಮೊದಲ ಅಧ್ಯಾಯವನ್ನು ತನ್ನ ಬಂಡೆಯ ಮೇಲೆಯೇ ಇಟ್ಟುಕೊಂಡ ಕೋಟೆ ಅದು ಎಂಬುದು.

ಗುತ್ತಿ ಎಂದ ಕೂಡಲೇ ಕರ್ನಾಟಕದ ಒಳನಾಡಿನ ಓದುಗರಿಗೆ ಸೊರಬ ತಾಲ್ಲೂಕಿನ ಚಂದ್ರಗುತ್ತಿ ನೆನಪಾಗುತ್ತದೆ. ಅದೂ ಬೆಟ್ಟದ ಕೋಟೆ, ಅದನ್ನೂ ಹಳೆಯ ಬರಹಗಳು ಗುತ್ತಿ ಎಂದೇ ಕರೆಯುತ್ತವೆ, ಹೀಗಾಗಿ ವಿಜಯನಗರದ ಕಾಲದ ಗುತ್ತಿಯ ಪ್ರಸ್ತಾಪ ಬಂದಲ್ಲೆಲ್ಲ ಯಾವ ಗುತ್ತಿ ಎಂದು ನೋಡಿಕೊಳ್ಳಬೇಕಾಗುತ್ತದೆ. ನಾನು ಹೇಳುತ್ತಿರುವುದು ಬಳ್ಳಾರಿ, ಗುಂತಕಲ್ಲು ದಾಟಿ ತಾಡಪತ್ರಿಯ ಕಡೆ ಹೋಗುವ ಹೆದ್ದಾರಿಯಲ್ಲಿ ಸಿಗುವ, ಚೆನ್ನೈ–ಮುಂಬೈ ರೈಲುದಾರಿಯಲ್ಲಿ ಜಂಕ್ಷನ್ ಇರುವ ಗುತ್ತಿಯನ್ನು.

ಈ ಕೋಟೆಯ ರಚನೆಯೇ ಬೇರೆ ಬಗೆಯದು. ಒಂದು ಬೆಟ್ಟದ ಮೇಲೆ ಒಂದು ಕೋಟೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಡಿದಾದ ಕಲ್ಲುಬೆಟ್ಟಗಳು ದುಂಡಗೆ ಸುತ್ತುಗಟ್ಟಿ ನಿಂತಿವೆ, ಅವುಗಳ ನಡುವಿನ ತಗ್ಗಿನಲ್ಲಿ ಹಳೆಯ ಊರಿದೆ, ಬೆಟ್ಟದಿಂದ ಬೆಟ್ಟಕ್ಕೆ ಏಣಿನ ಗುಂಟ ಗೋಡೆ ಹರಿದಿದೆ. ಬೆಟ್ಟಗಳ ಸಾಲು ಎಲ್ಲೆಲ್ಲಿ ತಗ್ಗಿ ದಾರಿ ಬಿಟ್ಟಿದೆಯೋ ಅಲ್ಲೆಲ್ಲ ಕೋಟೆಬಾಗಿಲು ಕಟ್ಟಿ ಮುಚ್ಚಿದ್ದಾರೆ. ಪಶ್ಚಿಮದ ದೊಡ್ಡ ಬೆಟ್ಟದ ಮೇಲೆ ಒಳಕೋಟೆ. ಕೆಳಗಿನ ಬಯಲಿನಿಂದ ಅದರ ನೆತ್ತಿ ಸುಮಾರು 300 ಮೀಟರ್ ಎತ್ತರದಲ್ಲಿದೆ. ಹತ್ತುವ ದಾರಿ ಬಾಗಿಲಿನಿಂದ ಬಾಗಿಲಿಗೆ ತಿರುಗುತ್ತ ಸಾಗುತ್ತದೆ; ಒಂದು ತಿರುವಿನಲ್ಲಿರುವವರಿಗೆ ಮುಂದಿನ ಬಾಗಿಲು ಕಾಣುವುದಿಲ್ಲ, ಆ ಬಾಗಿಲ ಮೇಲಿನವರಿಗೆ ಮಾತ್ರ ಹತ್ತುವವರು ನೆತ್ತಿಯಿಂದ ಅಂಗಾಲಿನವರೆಗೆ ಕಾಣುತ್ತಾರೆ. ಮೇಲೆ ಕಣಜಗಳು, ಮದ್ದಿನಮನೆ, ಗರಡಿಮನೆ ಎಂದು ಗುರುತಿಸುವ ಕಟ್ಟಡ, ಬಂಡೆಯ ಸಂದಿಗಳಲ್ಲಿ ಬಾವಿಗಳು ಮತ್ತು ಮಳೆನೀರು ನಿಲ್ಲುವ ದೊಣೆಗಳು ಇವೆ. ಪ್ರಪಾತದ ಅಂಚಿನಲ್ಲೇ ಗಾರೆಯ ಮೆರುಗು ಕೊಟ್ಟ ಚಿಕ್ಕ ಮಂಟಪವೊಂದಿದೆ, ಅದನ್ನು ಮುರಾರಿರಾಯನ ಗದ್ದುಗೆ ಎನ್ನುತ್ತಾರೆ.

ಬೆಟ್ಟ ಹತ್ತಿದವರಿಗೆ ಸಿಗುವ ಕಥೆ ಆ ಗದ್ದುಗೆಯಿಂದಲೇ ಶುರುವಾಗಿ ಅಲ್ಲೇ ಮುಗಿಯುತ್ತದೆ. ಮರಾಠಾ ಸರದಾರ ಮುರಾರಿರಾವ್ ಘೋರ್ಪಡೆ ಅಲ್ಲಿ ಕುಳಿತು ಚದುರಂಗ ಆಡುತ್ತಿದ್ದ, ಅಲ್ಲಿಂದ ಸೆರೆಯಾಳುಗಳನ್ನು ಕೆಳಕ್ಕೆ ತಳ್ಳಿಸುತ್ತಿದ್ದ ಎನ್ನುವ ಮಾತನ್ನು ಕೇಳದೆ ಯಾರೂ ಇಳಿದುಬರುವುದಿಲ್ಲ. ಆ ಮಾತಿನಲ್ಲಿ ಎಷ್ಟು ನಿಜ, ಎಷ್ಟು ರೋಚಕತೆ ಎಂಬ ಚರ್ಚೆ ಇಲ್ಲಿ ಬೇಡ. ಆದರೆ ಮುರಾರಿರಾವ್ 18ನೆಯ ಶತಮಾನದವನು. ಅವನು ಬರುವ ಹೊತ್ತಿಗೆ ಗುತ್ತಿಯಲ್ಲಿ ಬರಹ ಕೆತ್ತಲು ತೊಡಗಿ ಆರು ಶತಮಾನಗಳಿಗೂ ಹೆಚ್ಚು ಕಾಲ ಕಳೆದಿತ್ತು. ಅಷ್ಟು ದೀರ್ಘ ಕಾಲವನ್ನು ಬಿಟ್ಟುಬಿಟ್ಟು, ಕೊನೆಯ ಮೂವತ್ತು ವರ್ಷಗಳನ್ನೇ ಕೋಟೆಯ ಇತಿಹಾಸ ಎಂದು ಹೇಳಿಕೊಳ್ಳುತ್ತಿದ್ದೇವೆ.

ವಿಕ್ರಮಾದಿತ್ಯನ ಕಾಲದ ಈ ಸೀಮೆಯನ್ನು ಒಮ್ಮೆ ನೆನೆಯಬೇಕು. ಆದವಾನಿ, ತುಂಬಳಂ ಕಡೆಯ ನಾಡು ಸಿಂದವಾಡಿ ಸಾಸಿರ ಎನಿಸಿಕೊಂಡಿತ್ತು. ದಕ್ಷಿಣಕ್ಕೆ ನೊಳಂಬವಾಡಿ ಹಬ್ಬಿತ್ತು, ನೊಳಂಬರ ರಾಜಧಾನಿ ಹೆಂಜೇರು ಇಂದಿನ ಮಡಕಶಿರಾ ಸೀಮೆಯ ಹೇಮಾವತಿಯೇ. ವಿಕ್ರಮಾದಿತ್ಯ ಪಟ್ಟವೇರಿದಾಗ ಶಕವರ್ಷದ ಎಣಿಕೆಯನ್ನು ಬದಿಗಿಟ್ಟು 1076ರಿಂದ ತನ್ನದೇ ಚಾಳುಕ್ಯ ವಿಕ್ರಮ ವರ್ಷವನ್ನು ಆರಂಭಿಸಿದ. ಅವನ ಅಧಿಕಾರ ಎಲ್ಲಿಯವರೆಗೆ ನಡೆಯುತ್ತಿತ್ತು ಎಂಬುದಕ್ಕೆ ಆ ಎಣಿಕೆಯೇ ಗುರುತು. ಗುತ್ತಿಯಂತಹ ಒಂದು ಕಡಿದಾದ ಬೆಟ್ಟದ ನೆತ್ತಿಯಲ್ಲಿ ಅವನ ಕಾಲದ ಬರಹವಿದೆ ಎಂದರೆ, ಆ ಹೊತ್ತಿಗಾಗಲೇ ಅಲ್ಲಿ ಕೋಟೆಯೋ, ಕನಿಷ್ಠ ಕಾವಲು ಠಾಣೆಯೋ ಇತ್ತೆಂದು ಊಹಿಸಲು ಬಲವಾದ ಆಧಾರ ಸಿಕ್ಕಂತೆ. ಕೋಟೆಯ ವಯಸ್ಸಿಗೆ ಇದಕ್ಕಿಂತ ಹಳೆಯ ಲಿಖಿತ ಆಧಾರ ಬೇರೆ ಇಲ್ಲ.

ತಮಗೆ ಗೊತ್ತಿಲ್ಲದ್ದೇನಲ್ಲ, ಆದರೂ ಸಾರ್ವಜನಿಕರಿಗಾಗಿ ಒಂದು ಮಾತನ್ನು ಬಿಡಿಸಿ ಹೇಳುತ್ತೇನೆ. ಈ ದೊರೆಯ ಶಾಸನಗಳು ಸಾಮಾನ್ಯವಾಗಿ ಒಂದೇ ಅಚ್ಚಿನಲ್ಲಿ ಮೊದಲಾಗುತ್ತವೆ: ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ ಶ್ರೀಮತ್ ತ್ರಿಭುವನಮಲ್ಲದೇವ. ಈ ಸಾಲಿನಲ್ಲಿ ನಾಲ್ಕು ಅಕ್ಷರ ಅಳಿದರೆ ನಷ್ಟವಿಲ್ಲ, ನೂರಾರು ಬೇರೆ ಶಾಸನಗಳ ನೆರವಿನಿಂದ ಅದನ್ನು ತುಂಬಿಕೊಳ್ಳಬಹುದು. ಆದರೆ ಬಿರುದುಗಳು ಮುಗಿದು, ಆ ಸ್ಥಳದ ಮಾತು ಶುರುವಾದ ಮೇಲೆ ಬರುವುದೆಲ್ಲ ಜಗತ್ತಿನಲ್ಲಿ ಅಲ್ಲೊಂದೇ ಕಡೆ ಇರುತ್ತದೆ. ಅಲ್ಲಿ ನಿಂತು ಆಳಿದ ಅಧಿಕಾರಿಯ ಹೆಸರು, ಯಾವ ಊರಿನ ಎಷ್ಟು ಭೂಮಿ, ಯಾವ ಕೋಲಿನ ಅಳತೆ, ಯಾರು ಸಾಕ್ಷಿ, ಕೆತ್ತಿದ ಕಲ್ಲುಕುಟಿಗ ಯಾರು ಎಂಬಂಥ ವಿವರಗಳು ಒಮ್ಮೆ ಅಳಿದರೆ ಯಾವ ಪಂಡಿತರೂ ಅವನ್ನು ತಂದುಕೊಡಲಾರರು. ಬಂಡೆಯ ಸವೆತಕ್ಕೆ ಬಿರುದು ಯಾವುದು, ಊರಿನ ಹೆಸರು ಯಾವುದು ಎಂಬ ಭೇದ ಗೊತ್ತಿಲ್ಲ. ನನ್ನ ಆತುರಕ್ಕೆ ಕಾರಣ ಇದೇ.

ಇದು ಕನ್ನಡದವರ ಸೊತ್ತು ಎಂದು ಹಕ್ಕು ಸಾಧಿಸುವ ಪತ್ರವೆಂದು ಯಾರೂ ತಿಳಿಯಬಾರದು. ಹನ್ನೊಂದು, ಹನ್ನೆರಡನೆಯ ಶತಮಾನದಲ್ಲಿ ಕನ್ನಡಕ್ಕೂ ತೆಲುಗಿಗೂ ಬಳಕೆಯಲ್ಲಿದ್ದದ್ದು ಬಹುಮಟ್ಟಿಗೆ ಒಂದೇ ಲಿಪಿ. ಗುತ್ತಿಯ ತೆಲುಗು ಹುಡುಗನಿಗೂ ರಾಯದುರ್ಗದ ಕನ್ನಡ ಹುಡುಗಿಗೂ ಆ ಅಕ್ಷರಗಳು ಸಮವಾಗಿ ಪರಿಚಿತ, ಸಮವಾಗಿ ಅಪರಿಚಿತ. ತೆಲುಗು ನೆಲದ ಕನ್ನಡ ಶಾಸನಗಳನ್ನು ಹುಡುಕಿ ಕಾಪಾಡಿದ ಕೆಲಸವೂ ಭಾಷೆಯ ಗಡಿಯನ್ನು ನೋಡಿ ನಡೆದದ್ದಲ್ಲ. ಹಿಂದಿನ ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳನ್ನು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಅವರು ಸಂಪಾದಿಸಿ, 1939ರಲ್ಲಿ ಇಲಾಖೆಯೇ ಪ್ರಕಟಿಸಿತು. ಬಳ್ಳಾರಿ, ಅನಂತಪುರದ ಊರುಗಳ ಹೆಸರು ಆ ಸಂಪುಟದ ತುಂಬ ಇವೆ. 1882ರಲ್ಲಿ ಅನಂತಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಗುತ್ತಿ ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಆಮೇಲೆ 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಹೆಚ್ಚಿನ ಭಾಗ ಮೈಸೂರಿಗೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗ ಆಂಧ್ರದಲ್ಲಿ ಉಳಿದವು. ಗಡಿಗಳು ಹೀಗೆ ಮತ್ತೆ ಮತ್ತೆ ಸರಿದ ಸೀಮೆಯಲ್ಲಿ ಬಂಡೆಯ ಬರಹ ಯಾವ ರಾಜ್ಯದ್ದು ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಚಾಳುಕ್ಯರ ನಂತರದ ಕಥೆಯನ್ನು ಬೇಗ ಹೇಳಿಬಿಡಬಹುದು. ವಿಜಯನಗರದ ಬುಕ್ಕರಾಯನ ಕಾಲದ ಸಂಸ್ಕೃತ ಶ್ಲೋಕವೊಂದು ಇದೇ ಬಂಡೆಗಳ ಮೇಲಿದ್ದು, ಗುತ್ತಿಯನ್ನು ಕೋಟೆಗಳ ರಾಜನೆಂದು ಹೊಗಳುತ್ತದೆ. ಹೊಗಳಿಕೆಯಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೆ ಚಿತ್ರದುರ್ಗವನ್ನೂ ಪೆನುಕೊಂಡವನ್ನೂ ಕಂಡವರು ಕೂಡ ಗುತ್ತಿಯ ಮೇಲೆ ನಿಂತಾಗ ಆ ಕವಿಯ ಮಾತನ್ನು ಸುಮ್ಮನೆ ತಳ್ಳಿಹಾಕಲಾರರು. 1565ರ ಯುದ್ಧದ ಬಳಿಕ ರಾಜಧಾನಿ ಪೆನುಕೊಂಡಕ್ಕೆ ಸರಿಯಿತು. 17ನೆಯ ಶತಮಾನದ ನಡುವಿನಲ್ಲಿ ಗೋಲ್ಕೊಂಡದ ಮೀರ್ ಜುಮ್ಲಾ ಈ ಸೀಮೆಯ ಕೋಟೆಗಳನ್ನು ಒಂದೊಂದಾಗಿ ಹಿಡಿದ. 1687ರಲ್ಲಿ ಗೋಲ್ಕೊಂಡವೇ ಮೊಘಲರಿಗೆ ಬಿತ್ತು. ಆಮೇಲೆ ಮರಾಠರು.

ಮುರಾರಿರಾವ್ ಸಾಮಾನ್ಯ ಸರದಾರನಲ್ಲ. 1740ರ ದಶಕದಲ್ಲಿ ತಿರುಚಿನಾಪಳ್ಳಿಯನ್ನು ಕೈಯಲ್ಲಿಟ್ಟುಕೊಂಡಿದ್ದವನು, 1751ರ ಆರ್ಕಾಟ್ ಮುತ್ತಿಗೆಯ ಹೊತ್ತಿಗೆ ತನ್ನ ಕುದುರೆ ಪಡೆಯೊಂದಿಗೆ ಇಂಗ್ಲಿಷರ ಸೇನಾನಿ ಕ್ಲೈವ್‌ನ ಪಕ್ಷ ಸೇರಿದವನು, ಗುತ್ತಿಯನ್ನು ದುರಸ್ತಿ ಮಾಡಿಸಿ ನೆಲೆಯಾಗಿಸಿಕೊಂಡವನು. ಅವನನ್ನು ಮುರಿದದ್ದು ಹೈದರ್ ಅಲಿ. ಆ ಮುತ್ತಿಗೆಯ ಕಥೆಯನ್ನು ಮುಂದೆ ಮೈಸೂರಿನಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿ (ರೆಸಿಡೆಂಟ್) ಇದ್ದ ಕರ್ನಲ್ ವಿಲ್ಕ್ಸ್ ಬರೆದಿಟ್ಟಿದ್ದಾನೆ. ಕೆಳಗಿನ ಊರು ಹೈದರನ ವಶವಾದ ಮೇಲೆ ಜನರೂ ದನಕರುಗಳೂ ಮೇಲಿನ ಕೋಟೆಯಲ್ಲಿ ಕಿಕ್ಕಿರಿದರು, ದೊಣೆಗಳ ನೀರು ಇಳಿಯತೊಡಗಿತು. ಮುರಾರಿರಾವ್ ಸಂಧಿಗೆ ಒಪ್ಪಿ ಹಣದ ಒಂದು ಭಾಗವನ್ನು ಕಳಿಸಿ, ಬಾಕಿಗೆ ತನ್ನ ಕಡೆಯ ಒಬ್ಬ ತರುಣನನ್ನು ಒತ್ತೆಯಿಟ್ಟ. ಹೈದರನ ಬಿಡಾರದಲ್ಲಿ ಉಪಚಾರ ಪಡೆಯುತ್ತ ಮಾತಿಗೆ ಸಿಕ್ಕ ಆ ತರುಣ, ಮೇಲೆ ಮೂರೇ ದಿನದ ನೀರಿತ್ತು, ಇಲ್ಲವಾಗಿದ್ದರೆ ನಾವು ಸಂಧಿಗೆ ಬರುತ್ತಿರಲಿಲ್ಲ ಎಂದುಬಿಟ್ಟ. ಹೈದರ್ ನೆಪ ಹುಡುಕಿ ಮುತ್ತಿಗೆಯನ್ನು ಮತ್ತೆ ಬಿಗಿ ಮಾಡಿದ. 1776ರಲ್ಲಿ ಗುತ್ತಿ ಅವನ ವಶವಾಯಿತು. ಮುರಾರಿರಾವ್ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ಕಬ್ಬಾಳದುರ್ಗಕ್ಕೆ ಹೋಗಿ, ಅಲ್ಲೇ ತೀರಿಕೊಂಡ. ಇಂದು ಆ ದೊಣೆಗಳಲ್ಲಿ ಹೂಳೂ ಪ್ಲಾಸ್ಟಿಕ್ ಬಾಟಲಿಗಳೂ ತುಂಬಿಕೊಂಡಿರುವುದನ್ನು ನೋಡಿದರೆ, ಈ ಕೋಟೆಯ ಹಣೆಬರಹವನ್ನು ನಿರ್ಧರಿಸಿದ್ದು ತೋಪಿಗಿಂತ ಹೆಚ್ಚಾಗಿ ನೀರು ಎಂಬ ಸಂಗತಿ ಅಲ್ಲಿಗೆ ಬರುವವರಿಗೆ ತಿಳಿದಿಲ್ಲವೆಂಬುದು ಸ್ಪಷ್ಟ.

ಟಿಪ್ಪುವಿನ ಪತನದ ನಂತರ ಈ ಪ್ರದೇಶ ನಿಜಾಮನಿಗೆ ಹೋಗಿ, 1800ರಲ್ಲಿ ಅವನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದು ದತ್ತ ಮಂಡಲ, ಅಂದರೆ ಬಿಟ್ಟುಕೊಟ್ಟ ಸೀಮೆ, ಎನಿಸಿತು. ಅದರ ಮೊದಲ ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೋ ಮುಂದೆ ಮದ್ರಾಸಿನ ಗವರ್ನರ್ ಆಗಿ, 1827ರ ಜುಲೈ 6ರಂದು ಹತ್ತಿರದ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತಾಗ, ಅವನನ್ನು ಗುತ್ತಿಯ ಕೋಟೆಯ ಬುಡದಲ್ಲಿ ಹೂಳಿದರು. 1831ರಲ್ಲಿ ಅವಶೇಷವನ್ನು ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಗೆ ಒಯ್ದರು. ನಾಲ್ಕು ವರ್ಷ ಮಾತ್ರ ಗುತ್ತಿಯ ಮಣ್ಣಿನಲ್ಲಿದ್ದ ಆ ಮನುಷ್ಯನ ಸಾವಿನ ದಿನ, ಕಾಯಿಲೆ, ಹೂಳಿದ ಜಾಗ ಎಲ್ಲವೂ ನಮಗೆ ಗೊತ್ತಿದೆ. ವಿಲ್ಕ್ಸ್ ಬರೆದದ್ದರಿಂದ ಮುರಾರಿರಾಯನ ಮುತ್ತಿಗೆಯೂ ಗೊತ್ತಿದೆ. ಚಾಳುಕ್ಯರ ಕಾಲದಲ್ಲಿ ಆ ಬೆಟ್ಟ ಕಾದವರ ಪರವಾಗಿ ಕಾಗದದ ಮೇಲೆ ಬರೆದಿಟ್ಟವರು ಯಾರೂ ಇಲ್ಲ. ಅವರ ಸಾಕ್ಷಿಯೆಲ್ಲ ನರಸಿಂಹ ದೇವಾಲಯದ ಬಳಿಯ ಆ ಕೆಲವು ಬಂಡೆಗಳಷ್ಟೇ.

ಆ ಬಂಡೆಗಳ ಇಂದಿನ ಸ್ಥಿತಿಯನ್ನು ನೋಡಿದಂತೆ ಹೇಳುತ್ತೇನೆ. ಬಂಡೆಯ ಮೇಲ್ಪದರ ಚಕ್ಕೆಚಕ್ಕೆಯಾಗಿ ಏಳುತ್ತಿದೆ, ಚಕ್ಕೆ ಬಿದ್ದಲ್ಲಿ ಅಕ್ಷರವೂ ಬಿದ್ದಂತೆ. ಉಳಿದ ಕಡೆ ಕಪ್ಪು ಪಾಚಿ ಅಕ್ಷರದ ಗುಳಿಯೊಳಗೇ ಒಣಗಿ ಕುಳಿತಿದೆ. ಮಧ್ಯಾಹ್ನದ ನೆತ್ತಿಬಿಸಿಲಿನಲ್ಲಿ ಅಲ್ಲಿ ಬರಹವಿದೆ ಎಂಬುದೇ ಗೊತ್ತಾಗುವುದಿಲ್ಲ. ಬೆಳಗಿನ ಓರೆ ಬಿಸಿಲಿಗೆ ಮಾತ್ರ ಒಂದು ತಲೆಕಟ್ಟು, ಒಂದು ಕೊಂಬು, ಎಲ್ಲೋ ಒಂದು ಒತ್ತಕ್ಷರ ಕಣ್ಣಿಗೆ ಬೀಳುತ್ತದೆ. ಕೋಟೆಯಲ್ಲಿ ಚಪ್ಪಟೆ ಬಂಡೆ ಸಿಕ್ಕಲ್ಲೆಲ್ಲ ಹೆಸರು ಕೆತ್ತುವವರ ಹಾವಳಿ ಬೇರೆ. ಗೊತ್ತಿದ್ದು ಕೆಡಿಸುವವರು ಕಡಿಮೆ. ಇಲ್ಲಿ ಬರಹವಿದೆ ಎಂದು ತಿಳಿಯದೆಯೇ ಅದರ ಮೇಲೆ ಕುಳಿತು ಬುತ್ತಿ ಬಿಚ್ಚುವವರೇ ಹೆಚ್ಚು. ಪ್ರಾಚೀನ ಸ್ಮಾರಕಗಳ 1958ರ ಕಾಯಿದೆಯ ಪ್ರಕಾರ ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ ಇದೆ. ಆದರೆ ಅಕ್ಷರವನ್ನೇ ಕಾಣದವನನ್ನು ಕಾಯಿದೆ ಹೇಗೆ ಹೆದರಿಸೀತು? ಮೊದಲು ಅದು ಅಕ್ಷರ ಎಂದು ಅವನಿಗೆ ಕಾಣಬೇಕು.

ಆದ್ದರಿಂದ ಕೋರುವುದು ಇಷ್ಟು. ಮೈಸೂರಿನ ಶಾಸನಶಾಸ್ತ್ರ ವಿಭಾಗದವರು ಈ ಎಂಟೂ ಶಾಸನಗಳ ಹೊಸ ಪಡಿಯಚ್ಚು ತೆಗೆಯಲಿ. ಬಂಡೆಯನ್ನು ನೀರಿನಿಂದ ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು ಗುಳಿಗಿಳಿಸಿ, ಮಸಿಯ ಉಂಡೆ ಒತ್ತುವ ಹಳೆಯ ವಿಧಾನ ಸವೆದ ಬಂಡೆಯಲ್ಲಿ ಎಷ್ಟರಮಟ್ಟಿಗೆ ನಡೆದೀತು ಎಂಬುದನ್ನು ತಾವೇ ತೀರ್ಮಾನಿಸಬೇಕು. ಅದರ ಜೊತೆಗೆ 3ಡಿ ಸ್ಕ್ಯಾನ್ ಮಾಡಿಸಿದರೆ ಕಣ್ಣಿಗೆ ಕಾಣದ ಗೆರೆಗಳೂ ಹಿಡಿಗೆ ಬರಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ತಮ್ಮ ಸುತ್ತಿನ ಶಾಸನಗಳಿಗೆ ಈ ಕೆಲಸವನ್ನು 2021ರಿಂದ ಮಾಡುತ್ತ ಬಂದಿದ್ದಾರೆ, ಆದ್ದರಿಂದ ಇದು ಕೈಗೆಟುಕದ ತಂತ್ರವೇನಲ್ಲ. ಹಾಗೆ ಓದಿದ ಪಾಠವನ್ನು ಕನ್ನಡ, ತೆಲುಗು ಎರಡೂ ಲಿಪಿಗಳಲ್ಲಿ, ಎರಡೂ ಭಾಷೆಗಳ ತಾತ್ಪರ್ಯದೊಂದಿಗೆ ಪ್ರಕಟಿಸಬೇಕು. ಹಿಂದಿನ ಪಡಿಯಚ್ಚುಗಳು ವಿಭಾಗದ ಸಂಗ್ರಹದಲ್ಲಿದ್ದರೆ ಅವನ್ನೂ ಹೊಸದರ ಪಕ್ಕಕ್ಕಿಟ್ಟು ನೋಡಿದಾಗ, ಎಷ್ಟು ಕಾಲದಲ್ಲಿ ಎಷ್ಟು ಅಳಿಯಿತು ಎಂಬ ಲೆಕ್ಕವೂ ಸಿಗುತ್ತದೆ. ರಕ್ಷಣೆಗೆ ಹಣ ಕೇಳುವಾಗ ಆ ಲೆಕ್ಕಕ್ಕಿಂತ ಒಳ್ಳೆಯ ವಾದ ಬೇರೆ ಬೇಕಿಲ್ಲ.

ಬಂಡೆಗಳ ಸುತ್ತ ಮೊಳಕಾಲೆತ್ತರದ ಸರಳಿನ ಬೇಲಿ ಸಾಕು, ಸಿಮೆಂಟಿನ ಮಂಟಪ ಬೇಡ. ದಯವಿಟ್ಟು ಅಕ್ಷರಗಳಿಗೆ ಬಣ್ಣ ತುಂಬಿಸುವ ಕೆಲಸವನ್ನು ಯಾರಿಗೂ ಬಿಡಬೇಡಿ. ತಿಳಿಯದ ಅಕ್ಷರದ ಮೇಲೆ ಬಣ್ಣ ಹೋದರೆ, ಮುಂದೆ ಓದುವವರು ಬಣ್ಣ ಬಳಿದವನ ಊಹೆಯನ್ನೇ ಓದಬೇಕಾಗುತ್ತದೆ. ಹತ್ತುವ ದಾರಿಯ ಕೊನೆಯಲ್ಲಿ, ಬಂಡೆಯ ಮೇಲಲ್ಲ, ಪಕ್ಕದಲ್ಲಿ, ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲಿ ಒಂದು ಫಲಕ ಇರಲಿ. ಅದು ವಿಕ್ರಮಾದಿತ್ಯನಿಂದ ಶುರುವಾಗಲಿ, ಬುಕ್ಕರಾಯನ ಶ್ಲೋಕವನ್ನು ಪೂರ್ತಿ ಕೊಡಲಿ, ಮುರಾರಿರಾಯನ ಸರದಿ ಬಂದಾಗ ಗದ್ದುಗೆಯ ಜೊತೆಗೆ ದೊಣೆಗಳನ್ನೂ ತೋರಿಸಲಿ.

ಸಿಬ್ಬಂದಿ ಕಡಿಮೆ, ಸ್ಮಾರಕಗಳು ಹೆಚ್ಚು ಎಂಬ ಉತ್ತರವನ್ನು ನಾನು ನಿರೀಕ್ಷಿಸಬಲ್ಲೆ, ಅದು ಸುಳ್ಳೂ ಅಲ್ಲ. ಆದರೆ ಗುತ್ತಿಯಿಂದ ಪತ್ತಿಕೊಂಡದ ದಾರಿಯಲ್ಲಿ, ಅರ್ಧ ಗಂಟೆಯೊಳಗೆ ಮುಟ್ಟಬಹುದಾದಷ್ಟು ದೂರದಲ್ಲಿ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಅಶೋಕನ ಶಾಸನಗಳಿವೆ. ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ ಬರೆದ ಭಾಗವೂ ಅವುಗಳಲ್ಲಿರುವುದರಿಂದ ದೇಶವಿದೇಶದ ವಿದ್ವಾಂಸರು ಅಲ್ಲಿಗೆ ಬರುತ್ತಾರೆ. ಅಲ್ಲಿಗೆ ಹೋಗುವ ಶಾಸನ ತಂಡ ಮರಳುವಾಗ ಗುತ್ತಿಯ ಬೆಟ್ಟವನ್ನೂ ಹತ್ತಿದರೆ ಬೇರೆ ಪ್ರವಾಸದ ಖರ್ಚು ಬೀಳುವುದಿಲ್ಲ. ಎರಡು ಸ್ಥಳಗಳನ್ನು ಒಂದೇ ದಾರಿಯಾಗಿ ತೋರಿಸಿದರೆ ಶಾಲಾ ಪ್ರವಾಸಗಳಿಗೂ ಅನುಕೂಲ: ಬೆಳಗ್ಗೆ ಬಿಸಿಲೇರುವ ಮೊದಲು ಗುತ್ತಿ, ಮಧ್ಯಾಹ್ನದ ಮೇಲೆ ಎರ್ರಗುಡಿ.

ಕೆಲಸಕ್ಕೆ ಕೈಗಳು ಬೇಕಿದ್ದರೆ ಗಡಿಭಾಗದ ಕನ್ನಡ ಶಾಲೆಗಳ ನಾವು ಕೆಲವು ಶಿಕ್ಷಕರು ಸಿದ್ಧರಿದ್ದೇವೆ. ಪಡಿಯಚ್ಚು ತೆಗೆಯುವ ಪರಿಣತಿ ನಮಗಿಲ್ಲ. ನೀರು, ಕಾಗದ, ಸಲಕರಣೆಗಳನ್ನು ಮೇಲಕ್ಕೆ ಹೊರುವುದು, ಓದಿದ ಪಾಠವನ್ನು ಎರಡು ಲಿಪಿಗಳಲ್ಲಿ ಬರೆದುಕೊಡುವುದು, ಫಲಕದ ಕನ್ನಡವನ್ನು ತಿದ್ದಿಕೊಡುವುದು ನಮ್ಮಿಂದ ಆಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಬಂಡೆ ಒಣಗಿರುತ್ತದೆ, ಬೆಳಗಿನ ಬಿಸಿಲೂ ಓರೆಯಾಗಿ ಬೀಳುತ್ತದೆ. ಆ ತಿಂಗಳುಗಳಲ್ಲಿ ತಂಡ ಬರುವುದಾದರೆ, ದಿನಾಂಕವನ್ನು ಮುಂಚಿತವಾಗಿ ತಿಳಿಸಿದಲ್ಲಿ ಶಾಲೆಯ ರಜೆಯನ್ನು ಹೊಂದಿಸಿಕೊಂಡು ನಾವು ಗುತ್ತಿಯಲ್ಲಿರುತ್ತೇವೆ.

ಇತಿ,
ಗೌರವಪೂರ್ವಕವಾಗಿ,
ರಾಯದುರ್ಗದ ಕಡೆಯ ಒಬ್ಬ ಕನ್ನಡ ಶಾಲಾ ಶಿಕ್ಷಕ